ಬಿಟ್ಟಿ, ಬೇಗಾರ, ಜೀತ: ಒಂದು ಶಬ್ದವಿಚಾರ

ಕಾಯದೆಯನ್ನು ಕಾವ್ಯದಂತೆ ಪದಪದವಾಗಿ ಪರೀಕ್ಷಿಸಿ ಓದುವ ವಾಡಿಕೆಯು ಕನ್ನಡ ವಿಮರ್ಶಕರಲ್ಲಿ ಕಡಿಮೆ. ಪದ್ಯದ ಅರ್ಥವು ತಪ್ಪಿದರೆ ರಸಭಂಗವಾಗುವದು. ಕಾಯದೆಯ ಕಲಮಿನ ಅರ್ಥವು ತಪ್ಪಿದರೆ ಒಬ್ಬ ಮನುಷ್ಯನ ಬಿಡುಗಡೆಯೇ ತಪ್ಪುವದು. ಆದ್ದರಿಂದ ಈ ವಿಚಾರವು ವೈಯಾಕರಣರಿಗೂ ಸಲ್ಲತಕ್ಕದ್ದು.

1950 ನೆಯ ಜನೇವರಿ 26 ರಿಂದ ಜಾರಿಗೆ ಬಂದ ಭಾರತ ಸಂವಿಧಾನದ 23 ನೆಯ ಅನುಚ್ಛೇದವು ಮನುಷ್ಯರ ಮಾರಾಟವನ್ನೂ, ಬೇಗಾರವನ್ನೂ, ಅದರಂತಹ ಇತರ ಬಲಾತ್ಕಾರದ ದುಡಿಮೆಗಳನ್ನೂ ನಿಷೇಧಿಸಿರುವದು. ಇಂಗ್ಲಿಷ್ ಪಾಠದಲ್ಲಿಯೂ ‘ಬೇಗಾರ’ ಎಂಬ ಶಬ್ದವೇ ಇದೆಯೆಂಬದನ್ನು ವಾಚಕರು ಲಕ್ಷಿಸಬೇಕು. ಆಯ್ಕೆಯು ಉಚಿತವಾಗಿದೆ. 1948 ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದು, ಉರ್ದುವನ್ನೇ ಕಚೇರಿಯ ಭಾಷೆಯಾಗಿ ಕಂಡ ಅಫಜಲಪುರ ಸೀಮೆಯ ರೈತನಿಗೆ ಈ ಫಾರಸಿ ಮಾತನ್ನು ಯಾರೂ ವಿವರಿಸಬೇಕಾಗಿಲ್ಲ. ‘ಬಿಟ್ಟಿ ಬೇಗಾರಿ’ ಎಂಬುದು ಕನ್ನಡದಲ್ಲಿ ಜೋಡುನುಡಿಯೇ ಆಗಿದೆ. ಬಿಟ್ಟಿಯನ್ನು ಸಂಸ್ಕೃತದ ‘ವಿಷ್ಟಿ’ಯ ತದ್ಭವವೆಂದು ಹೇಳುವರು, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆ ಶಬ್ದವುಂಟು. ಸಂಸ್ಕೃತವಾಗಲಿ ಫಾರಸಿಯಾಗಲಿ, ಕೂಲಿಯಿಲ್ಲದ ದುಡಿಮೆಗೆ ಹೆಸರು ಕೊಡುವದರಲ್ಲಿ ಯಾವ ಭಾಷೆಯೂ ಬಡವಾಗಿರಲಿಲ್ಲ!

‘ಜೀತ’ದ ಗತಿಯು ಇನ್ನೂ ಶೋಚನೀಯವಾದದ್ದು. ಇದರ ಮೂಲವು ‘ಜೀವಿತ’. ಹಿಂದೆ ಸೇವೆಗೆ ಪ್ರತಿಯಾಗಿ ದೊರೆಯುವ ಸಂಬಳ, ಬದುಕಿನ ಆಧಾರ ಎಂದು ಇದರ ಅರ್ಥ. ಬದುಕನ್ನು ಕೊಡುವ ಶಬ್ದವೇ ಕಾಲಕ್ರಮದಲ್ಲಿ ಬದುಕನ್ನು ಒತ್ತೆಯಿಡುವ ಶಬ್ದವಾಯಿತು. ಇಂತಹ ಅರ್ಥಾಪಕರ್ಷಕ್ಕೆ ಬೇರೆ ಉದಾಹರಣೆಯನ್ನು ಹುಡುಕುವದು ಕಷ್ಟ.

1976 ರ ಜೀತಪದ್ಧತಿ ರದ್ದತಿಯ ಕಾಯದೆಯು ‘ಕರಾರು’ ಎಂಬುದನ್ನು ವ್ಯಾಖ್ಯಾನಿಸುವಲ್ಲಿ ಸುಮಾರು 30 ಪದ್ಧತಿಗಳ ಹೆಸರುಗಳನ್ನು ಪೋಣಿಸಿದೆ. ಜೀತ, ಭಗೇಲಾ, ವೆಟ್ಟಿ, ಪಾಲೇರು ಎಲ್ಲವೂ ಅಲ್ಲಿವೆ. ಇಂತಹ ಕಡೆ ಕರಾರು ಇದ್ದೇ ಇದೆಯೆಂದು ಸಾಮಾನ್ಯವಾಗಿ ಭಾವಿಸತಕ್ಕದ್ದು. ಬಾಯಿಮಾತಿನ ಕರಾರೂ ಕರಾರೇ. ಸಾಲವು ಜೀತದ ಸಾಲವಲ್ಲವೆಂದು ಸಿದ್ಧಮಾಡುವ ಭಾರವೂ ಧನಿಯ ಮೇಲೆಯೇ ಇದೆ. ಹೆಬ್ಬೆಟ್ಟು ಒತ್ತಿದ ಕಾಗದವನ್ನು ಆಳು ತಂದು ತೋರಿಸಬೇಕಾಗಿಲ್ಲ. ಇದು ಕಾಯದೆಯ ಜಾಣತನ. ಆದರೆ ಅದೇ ಪಟ್ಟಿಯಲ್ಲಿ ‘ಹೊಲ್ಯ’, ‘ಚೆರುಮಾರ್’ ಎಂಬ ಹೆಸರುಗಳೂ ಬಂದಿವೆ. ಜನರ ಕುಲದ ಹೆಸರೇ ಅವರ ಬಂಧನದ ಹೆಸರಾಗಿ ಅಚ್ಚಾದದ್ದನ್ನು ಓದುವಾಗ ಸಹೃದಯನಿಗೆ ನೋವಾಗದೆ ಇರಲಾರದು.

ಸಂವಿಧಾನದ ‘ಬಲಾತ್ಕಾರ’ಕ್ಕೆ ಉತ್ತಮವಾದ ಭಾಷ್ಯವು 1982 ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಬಂದಿತು. ದಿಲ್ಲಿಯಲ್ಲಿ ಏಷ್ಯಾದ ಕ್ರೀಡಾಕೂಟಕ್ಕಾಗಿ ದುಡಿಯುತ್ತಿದ್ದ ಕೂಲಿಕಾರರ ಮೊಕದ್ದಮೆ ಅದು. ಬಲವೆಂದರೆ ಬಡಿಗೆಯ ಬಲವಷ್ಟೇ ಅಲ್ಲ. ಹಸಿವೆಯೂ ದಾರಿದ್ರ್ಯವೂ ಬೇರೆ ದಾರಿಯಿಲ್ಲದಂತೆ ಮಾಡಿದರೆ ಅದೂ ಬಲವೇ. ಆದುದರಿಂದ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವದು ಬಲಾತ್ಕಾರದ ದುಡಿಮೆಯೆಂದು ನ್ಯಾಯಮೂರ್ತಿ ಭಗವತಿಯವರ ಪೀಠವು ನಿರ್ಣಯಿಸಿತು. ವಾಚ್ಯಾರ್ಥಕ್ಕೆ ಜೋತುಬಿದ್ದಿದ್ದರೆ ಈ ಫಲವು ದೊರೆಯುತ್ತಿರಲಿಲ್ಲ. ಮೀಮಾಂಸಕರು ವಾಕ್ಯದ ತಾತ್ಪರ್ಯವನ್ನು ಹುಡುಕುವ ರೀತಿಗೆ ಇದು ದೂರವಾದದ್ದಲ್ಲ.

ಇಷ್ಟಾದರೂ ಭೀಮೆಯ ದಂಡೆಯಲ್ಲಿ ಇನ್ನೊಂದು ಶಬ್ದವು ಕಾದು ನಿಂತಿದೆ: ‘ಉಚಲ್’. ಕಬ್ಬು ಕಡಿಯಲು ಗುಳೆ ಹೋಗುವವರಿಗೆ ಹಂಗಾಮಿಗೆ ಮೊದಲೇ ಕೊಡುವ ಮುಂಗಡಕ್ಕೆ ಇರುವ ಮರಾಠೀ ಹೆಸರು ಇದು. ಉಚಲ್ ಎಲ್ಲವೂ ಜೀತವಲ್ಲ, ನಿಜ. ಹಣ ತೀರುವ ವರೆಗೆ ಬೇರೆ ಕೆಲಸಕ್ಕೆ ಹೋಗಕೂಡದು, ಊರಿಗೆ ಮರಳಕೂಡದು ಎಂಬ ಕಟ್ಟು ಬಿದ್ದಾಗ ಅದು ಕಾಯದೆಯ ವ್ಯಾಖ್ಯೆಯೊಳಗೆ ಬರುವದು. ಪಟ್ಟಿಯಲ್ಲಿ ಆ ಹೆಸರಿಲ್ಲ. ಇರಲೇಬೇಕೆಂದೂ ಇಲ್ಲ, ಏಕೆಂದರೆ ಹಣವಾಗಲಿ ವಸ್ತುವಾಗಲಿ ಮುಂಗಡವೆಲ್ಲವೂ ವ್ಯಾಖ್ಯೆಯಲ್ಲಿ ಸೇರಿದೆ. ಆದರೆ ಹೆಸರಿನ ಪಟ್ಟಿಯನ್ನಷ್ಟೇ ಕಂಠಪಾಠ ಮಾಡಿದ ಅಧಿಕಾರಿಗೆ ಇದು ಹೊಳೆಯಲಾರದು. ಕಾಯದೆಯು ಹೇಳುವ ಜಾಗೃತ ಸಮಿತಿಗಳು ಜಿಲ್ಲೆಗೊಂದು, ಉಪವಿಭಾಗಕ್ಕೊಂದು, ತಾಲೂಕಿಗೆ ಇಲ್ಲ. ಉಚ್ಚ ನ್ಯಾಯಾಲಯವೇನೋ ಹತ್ತಿರಕ್ಕೆ ಬಂದಿದೆ: 2008 ರಲ್ಲಿ ಕಲಬುರಗಿಗೆ ಸಂಚಾರಿ ಪೀಠವು ಬಂದು 2013 ರಲ್ಲಿ ಸ್ಥಿರವಾಯಿತು, ಅದಕ್ಕೆ ಮೊದಲು ಅಫಜಲಪುರದ ಆಳಿಗೆ ಬೆಂಗಳೂರೇ ಗತಿಯಾಗಿತ್ತು. ಕಾಯದೆಯ ಕನ್ನಡ ಪುಸ್ತಕಗಳಲ್ಲಿ ‘ಮುಂಗಡ’ದ ಕೆಳಗೆ ‘ಉಚಲ್’ ಎಂದು ಒಂದು ಟಿಪ್ಪಣಿಯನ್ನು ಸೇರಿಸಿದರೆ, ತಹಶೀಲ ಕಚೇರಿಯ ಮೆಟ್ಟಿಲು ಹತ್ತಿದವನ ಮಾತು ಅಲ್ಲಿಯ ಗುಮಾಸ್ತನಿಗೆ ಒಡನೆಯೇ ತಿಳಿದೀತು.