ಹೆಡ್ಡಾಫೀಸು ಬರ್ತದಂತೆ, ಕಂದಾಯ ಬಿಡ್ರಪ್ಪ

ನಮ್ಮ ಬಿ.ದುರ್ಗ ಹೋಬಳಿಯ ಟೀ ಅಂಗಡಿಗಳಲ್ಲಿ ಒಂದು ಮಾತು ಆಗಾಗ ಎದ್ದು ಕೂರುತ್ತದೆ. "ಯಾವುದಾದ್ರೂ ದೊಡ್ಡ ಕಂಪನಿಯೋರು ಬಂದು ಇಲ್ಲೇ ಹೆಡ್ಡಾಫೀಸು ಮಾಡಿದ್ರೆ ಊರು ಉದ್ಧಾರ ಆಗ್ತದೆ ಕಣ್ರೋ. ಹತ್ತು ವರ್ಷ ಕಂದಾಯ ಬಿಟ್ರೆ ನಮ್ಮದೇನು ಗಂಟು ಹೋಗ್ತದೆ?" ಹೀಗೆನ್ನುವವರು ಅಡಿಕೆ ತೋಟದವರು. ತಲೆಯಾಡಿಸುವವರು ನಮ್ಮ ಕೇರಿಯ ಹುಡುಗರು. ಅವರಿಗೆ ಕೆಲಸ ಬೇಕು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ದಿನಗಳಲ್ಲಿ ನಾವೂ ತಲೆಯಾಡಿಸಿದವರೇ, ಸುಳ್ಳು ಯಾಕೆ ಹೇಳೋಣ.

ಪದ್ಯ ಬರೆಯುವ ನೀವು ಕಂದಾಯದ ಉಸಾಬರಿಗೆ ಯಾಕೆ ಹೋಗ್ತೀರಿ ಎನ್ನುವ ಗೆಳೆಯರಿದ್ದಾರೆ. ಸರ್ಕಾರದ ಕೈಗಾರಿಕಾ ನೀತಿಯೂ ಒಂದು ಕೃತಿಯೇ. ಅದಕ್ಕೂ ಭಾಷೆಯಿದೆ, ರೂಪಕವಿದೆ, ಒಬ್ಬ ನಾಯಕನಿದ್ದಾನೆ. ನವ್ಯರ ಪ್ರತಿಮೆಗಳನ್ನು ಎಳೆ ಎಳೆಯಾಗಿ ಬಿಡಿಸುವುದನ್ನು ಕಾಲೇಜಿನಲ್ಲಿ ಕಲಿಸಿದರು. ಈ ಕೃತಿಯನ್ನು ಓದುವುದನ್ನು ಯಾರೂ ಕಲಿಸಲಿಲ್ಲ. ಕಲಿಸಿದ್ದರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಅದರ ಶಬ್ದಗಳು.

ಕಂಪನಿಗೆ ಕೊಟ್ಟರೆ ಅದು 'ಪ್ರೋತ್ಸಾಹಧನ'. 2023ರಲ್ಲಿ ನಮ್ಮ ಅವ್ವಂದಿರ ಖಾತೆಗೆ ತಿಂಗಳಿಗೆ 2000 ರೂಪಾಯಿ ಬಂದಾಗ ಅದು 'ಬಿಟ್ಟಿ ಭಾಗ್ಯ'. ಎರಡೂ ಒಂದೇ ಖಜಾನೆಯ ದುಡ್ಡು. ಕಂಪನಿಗೆ 'ಏಕಗವಾಕ್ಷಿ', ಅದಕ್ಕಾಗಿ 2002ರಲ್ಲಿ ಒಂದು ಕಾಯಿದೆಯೇ ಆಗಿದೆ. ಬಗರ್‌ಹುಕುಂ ಸಾಗುವಳಿಯ ನಮ್ಮ ಅಪ್ಪಂದಿರಿಗೆ ಫಾರಂ 50, ಅದಾದ ಮೇಲೆ ಫಾರಂ 53, ಈಗ ಫಾರಂ 57. ಕಿಟಕಿ ಕಿಟಕಿ ಅಲೆದು ಚಪ್ಪಲಿ ಸವೆದರೂ ಸಾಗುವಳಿ ಚೀಟಿ ಕಾಣದೆ ಸತ್ತವರು ಪ್ರತಿ ಕೇರಿಯಲ್ಲೂ ಇದ್ದಾರೆ.

ಇನ್ನು 'ಹಿಂದುಳಿದ' ಎಂಬ ಶಬ್ದ. ಡಾ. ಡಿ.ಎಂ.ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಶಾಲೆ, ಆಸ್ಪತ್ರೆ, ನೀರಾವರಿ ಎಲ್ಲವನ್ನೂ ಲೆಕ್ಕ ಹಾಕಿದ ಪ್ರಾಮಾಣಿಕ ಕೆಲಸ ಅದು. ಆಮೇಲಿನ ಕೈಗಾರಿಕಾ ನೀತಿಗಳು ಈ ಪಟ್ಟಿಯನ್ನು ಹೇಗೆ ಓದಿಕೊಂಡವು? ಹಿಂದುಳಿದ ಕಡೆಗೆ ಹೋಗುವ ಬಂಡವಾಳಗಾರನಿಗೆ ಹೆಚ್ಚು ರಿಯಾಯಿತಿ ಎಂದು. ಹಿಂದುಳಿದವರು ನಾವು, ರಿಯಾಯಿತಿ ಅವರಿಗೆ!

ಹೆಡ್ಡಾಫೀಸು ಬಂದ ಹಳ್ಳಿ ಏನಾಯಿತು ಎಂಬುದಕ್ಕೆ ಅಮೆರಿಕ ನೋಡಬೇಕಾಗಿಲ್ಲ. ಆನೇಕಲ್ ದಾರಿಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳನ್ನು ನೋಡಬಹುದು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಅಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿತು. ಆರ್.ಕೆ.ಬಾಳಿಗರ ಕನಸು ಅದು. ಮುಂದೆ ಇನ್ಫೋಸಿಸ್‌ನ ಕೇಂದ್ರ ಕಚೇರಿ ಅಲ್ಲೇ ಆಯಿತು. ಸಾಫ್ಟ್‌ವೇರ್ ರಫ್ತಿನ ಲಾಭಕ್ಕೆ 2011ರ ಮಾರ್ಚ್‌ವರೆಗೂ ಆದಾಯ ತೆರಿಗೆಯ ರಜೆ ಸಿಕ್ಕಿತು. ಊರು ಬೆಳೆಯಲಿಲ್ಲ ಎಂದು ನಾವು ಹೇಳುವುದಿಲ್ಲ, ಬೆಳೆದಿದೆ. ಆದರೆ 2013ರಲ್ಲಿ ಅದಕ್ಕೊಂದು ಪ್ರತ್ಯೇಕ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಾಯಿತು. ಕಂಪನಿಗಳ ಆಸ್ತಿ ತೆರಿಗೆ ವಸೂಲಿ ಅದರ ಕೈಗೆ ಹೋಗಿ, ಅಕ್ಕಪಕ್ಕದ ಪಂಚಾಯಿತಿಗಳಿಗೆ ಒಂದು ಪಾಲು ಉಳಿಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಂವಿಧಾನದ 243ಕ್ಯೂ ವಿಧಿಯಲ್ಲೊಂದು ವಿನಾಯಿತಿಯಿದೆ. ಕಾರ್ಖಾನೆಯೇ ನಾಗರಿಕ ಸೇವೆ ಕೊಡುವ ಜಾಗವನ್ನು ಕೈಗಾರಿಕಾ ಟೌನ್‌ಶಿಪ್ ಎಂದು ಘೋಷಿಸಿದರೆ ಅಲ್ಲಿ ಪುರಸಭೆ ಬೇಕಿಲ್ಲ. ಪುರಸಭೆಯಿಲ್ಲ ಅಂದರೆ ಚುನಾವಣೆಯಿಲ್ಲ. ಚುನಾವಣೆಯಿಲ್ಲ ಅಂದರೆ ಮೀಸಲಾತಿಯೂ ಇಲ್ಲ. ಪಂಚಾಯಿತಿಯಲ್ಲಿ ನಮ್ಮ ಕೇರಿಯ ಹೆಣ್ಣುಮಗಳು ಅಧ್ಯಕ್ಷೆಯಾಗಿ ಕುರ್ಚಿಯಲ್ಲಿ ಕೂರಬಹುದು. ಗಂಡನೋ ಗೌಡನೋ ಹಿಂದೆ ನಿಂತು ಸಹಿ ಹಾಕಿಸಬಹುದು, ಆದರೂ ಕುರ್ಚಿ ಅವಳದು. ಟೌನ್‌ಶಿಪ್ಪಿನಲ್ಲಿ ಆ ಕುರ್ಚಿಯೇ ಇಲ್ಲ. ಟೀ ಅಂಗಡಿಯವರು ಕಂದಾಯ ಮಾತ್ರ ಹೋಗುತ್ತದೆ ಅಂದುಕೊಂಡಿದ್ದಾರೆ.

ನಮ್ಮದೇ ಜಿಲ್ಲೆಯ ಚಳ್ಳಕೆರೆಗೆ ಬರೋಣ. ಕುದಾಪುರದ ಸುತ್ತಿನ ಅಮೃತಮಹಲ್ ಕಾವಲುಗಳನ್ನು 2009ರ ಸುಮಾರಿನಿಂದ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹಂಚಲಾಯಿತು: ಡಿಆರ್‌ಡಿಒಗೆ 4290 ಎಕರೆ, ಬಾಬಾ ಅಣು ಸಂಶೋಧನಾ ಕೇಂದ್ರಕ್ಕೆ 1810, ಭಾರತೀಯ ವಿಜ್ಞಾನ ಸಂಸ್ಥೆಗೆ 1500, ಇಸ್ರೋಗೆ 573. ಕುರಿ ಮೇಯಿಸುವವರು, ಕಂಬಳಿ ನೇಯುವವರು ತಲೆತಲಾಂತರ ನಂಬಿದ ನೆಲ ಅದು. ಕೊಟ್ಟದ್ದು ಅನೇಕರಿಗೆ ಗೊತ್ತಾದದ್ದು ಗೋಡೆ ಎದ್ದ ಮೇಲೆ. ಜನ ಹೋರಾಡಿದರು, ಮಾತು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. 2017ರಲ್ಲಿ ವಿಮಾನ ಪರೀಕ್ಷಾ ಕೇಂದ್ರದ ಉದ್ಘಾಟನೆಯೂ ಆಯಿತು. ಇವು ಕಂಪನಿಗಳಲ್ಲ, ದೇಶದ ಸಂಸ್ಥೆಗಳು, ಒಪ್ಪೋಣ. ಆದರೆ ಕೇಂದ್ರ ಸರ್ಕಾರದ ಆಸ್ತಿಗೆ ರಾಜ್ಯವಾಗಲಿ ಪಂಚಾಯಿತಿಯಾಗಲಿ ತೆರಿಗೆ ಹಾಕುವಂತಿಲ್ಲ ಎಂದು ಸಂವಿಧಾನದ 285ನೇ ವಿಧಿ ಹೇಳುತ್ತದೆ. ಅಂದಮೇಲೆ ಕಂದಾಯ ಬಿಡುವ ಮಾತೂ ಅಲ್ಲಿ ಏಳಲಿಲ್ಲ. ಕೇಳಿದವರೂ ಇಲ್ಲ, ಬಿಟ್ಟವರೂ ಇಲ್ಲ. ಕುರಿ ಮಾತ್ರ ಗೋಡೆಯ ಈಚೆ ನಿಂತವು.

ಹಾಗಂತ "ಹಳ್ಳಿ ಹಸಿರಾಗಿರಲಿ, ಕಂಪನಿ ಬೇಡ" ಎನ್ನುವ ತೋಟದೊಡೆಯರ ಪಕ್ಕ ನಿಂತು ನಾವು ಚಪ್ಪಾಳೆ ತಟ್ಟಲಾರೆವು. ಯಾರ ಹಸಿರು? ಹಳ್ಳಿಯೆಂದರೇನು ಎಂದು ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಬಿಚ್ಚಿಟ್ಟಿದ್ದಾರೆ. ಹೋಟೆಲಿನ ಬೇರೆ ಲೋಟ ಬಿಟ್ಟು ಬೆಂಗಳೂರಿಗೆ ಓಡಿದ ನಮ್ಮ ಅಣ್ಣಂದಿರಿಗೆ ಫ್ಯಾಕ್ಟರಿಯ ಗೇಟು ಬಿಡುಗಡೆಯ ಬಾಗಿಲೂ ಆಗಿತ್ತು. ನಮ್ಮ ತಕರಾರು ಬೇರೆ. ಹೆಡ್ಡಾಫೀಸಿನ ಎ.ಸಿ. ಕೋಣೆಯೊಳಗೆ ಯಾರು, ಅದರ ಕಕ್ಕಸು ತೊಳೆಯುವ ಕಂತ್ರಾಟಿನಲ್ಲಿ ಯಾರು? ಖಾಸಗಿ ಕೆಲಸದಲ್ಲಿ ನಮಗೆ ಮೀಸಲಾತಿಯಿಲ್ಲ. ಸ್ಥಳೀಯರಿಗೆ ಇಷ್ಟು ಪಾಲು ಕೊಡಿ ಎಂಬ ಮಸೂದೆಯನ್ನು 2024ರ ಜುಲೈನಲ್ಲಿ ಸಂಪುಟ ಒಪ್ಪಿದ್ದೇ ತಡ, ಉದ್ಯಮಿಗಳು ಹುಯಿಲೆಬ್ಬಿಸಿದರು. ಎರಡೇ ದಿನದಲ್ಲಿ ಅದನ್ನು ತಡೆಹಿಡಿದರು. ರಿಯಾಯಿತಿಗೆ ಕೈಚಾಚುವಾಗ ಇರುವ ಊರ ಪ್ರೀತಿ ಕೆಲಸ ಕೊಡುವಾಗ ಎಲ್ಲಿ ಹೋಯಿತೋ.

ಹರಾಜಿಗೆ ಕೊನೆಯೂ ಇಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತು, 2025ರ ಜುಲೈ 15ರಂದು 1777 ಎಕರೆಯ ಸ್ವಾಧೀನವನ್ನು ಕೈಬಿಡುವಂತೆ ಮಾಡಿದರು. ಅವರ ಗೆಲುವಿನ ಹಾರ ಬಾಡುವ ಮೊದಲೇ ಆಂಧ್ರದ ಮಂತ್ರಿ ನಾರಾ ಲೋಕೇಶ್, ನಮ್ಮಲ್ಲಿ 8000 ಎಕರೆ ಸಿದ್ಧವಿದೆ, ಒಳ್ಳೆಯ ರಿಯಾಯಿತಿಯೂ ಇದೆ ಬನ್ನಿ ಎಂದು ವಿಮಾನ ಕಂಪನಿಗಳನ್ನು ಕರೆದರು. ಸಂತೆಯಲ್ಲಿ ಬದನೆಕಾಯಿ ಮಾರುವವಳು ಕೂಡ ಪಕ್ಕದವಳಿಗಿಂತ ಇಷ್ಟು ಬೇಗ ದರ ಇಳಿಸುವುದಿಲ್ಲ.

ನಮ್ಮ ಕಡೆಯ ಪಂಚಾಯಿತಿಯೊಂದರಲ್ಲಿ, ಮನೆ ಕಂದಾಯ ಬಾಕಿಯಿದೆ ಎಂದು ನಮ್ಮವರೊಬ್ಬರಿಗೆ ಒಂದು ಸಣ್ಣ ಕಾಗದ ಕೊಡಲು ನಾಲ್ಕು ಸಲ ಅಲೆಸಿದರು. ಅದೇ ಜಗಲಿಯ ಮೇಲೆ ನಾಳೆ ಕಂಪನಿಗೆ ಹತ್ತು ವರ್ಷ ಬಿಡೋಣ ಎಂಬ ಠರಾವು ಬಂದರೆ ಆ ಹೊತ್ತಿಗೆ ಕೇರಿಯವರು ಕೂಲಿಗೆ ಹೋಗಿರಬಾರದು. ಮೇಷ್ಟರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮದೊಂದು ಕೋರಿಕೆ: ಗ್ರಾಮಸಭೆಗೆ ಮುಂಚೆ ನಿಮ್ಮ ಊರ ಗೋಮಾಳದ ಸರ್ವೆ ನಂಬರುಗಳ ಪಹಣಿ ತೆಗೆಸಿ. ಪ್ರತಿ 100 ಜಾನುವಾರಿಗೆ 30 ಎಕರೆ ಉಳಿದಿದೆಯೇ ಎಣಿಸಿ. ಫಾರಂ 57 ಹಾಕಿದವರ ಪಟ್ಟಿ ಬರೆದುಕೊಳ್ಳಿ. 1978ರ ಪಿಟಿಸಿಎಲ್ ಕಾಯಿದೆಯಡಿ ಬರುವ ಮಂಜೂರಾತಿ ಜಮೀನು ಯಾರ ಉಳುಮೆಯಲ್ಲಿದೆ ಎಂದು ಹಟ್ಟಿಯ ಮುದುಕರನ್ನು ಕೇಳಿ. ಆ ಹಾಳೆಗಳನ್ನು ಹಿಡಿದೇ ಸಭೆಗೆ ಹೋಗೋಣ. ಕಂಪನಿಯ ಮಾತು ಎತ್ತಿದವರು ಮೊದಲು ಅವನ್ನು ಓದಲಿ.