ನೆಲಕ್ಕೆ ಬಿದ್ದ ಮೇಲೆ ನೋಡಬೇಕಾದ ಆಟ

ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ ಪಂದ್ಯವನ್ನು ಮೊದಲ ಸಲ ನೋಡುವವರು ಗುದ್ದಾಟ ನಡೆಯುವಷ್ಟು ಹೊತ್ತು ಕಣ್ಣು ಮಿಟುಕಿಸುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನೆಲಕ್ಕೆ ಬಿದ್ದರೋ, ಇನ್ನೇನಿದೆ ನೋಡುವುದಕ್ಕೆ ಎಂದು ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. ಈ ಆಟದ ರುಚಿ ಹತ್ತಬೇಕಾದರೆ ಮೊದಲು ಬಿಡಬೇಕಾದ ಅಭ್ಯಾಸ ಇದೇ. ಗುದ್ದು ಯಾರ ಕಣ್ಣಿಗಾದರೂ ಬೀಳುತ್ತದೆ. ನೆಲದ ಮೇಲಿನ ಕೆಲಸ ಕಾಣಬೇಕಾದರೆ ಎಲ್ಲಿ ನೋಡಬೇಕೆಂದು ಗೊತ್ತಿರಬೇಕು.

ಅದನ್ನು ಕಲಿಯಲು ಒಬ್ಬನೇ ಆಟಗಾರನ ವೃತ್ತಿಜೀವನವನ್ನು ಮೊದಲಿಂದ ಕೊನೆಯವರೆಗೆ ನೋಡುವುದು ಒಳ್ಳೆಯ ದಾರಿ. ನಾನು ಎಲ್ಲರಿಗೂ ಹೇಳುವ ಹೆಸರು ರಷ್ಯಾದ ಡಾಗೆಸ್ತಾನದ ಖಬೀಬ್ ನುರ್ಮಾಗೊಮೆದೊವ್. ಆಡಿದ್ದು 29, ಗೆದ್ದದ್ದು 29. ಆದರೆ ಅವನು ಸೋಲಲಿಲ್ಲ ಎನ್ನುವುದು ನನ್ನ ಕಾರಣವಲ್ಲ. ಅವನು ಏನು ಮಾಡಲಿದ್ದಾನೆಂಬುದು ಎದುರಾಳಿಗೆ ಗೊತ್ತಿತ್ತು, ಎದುರಾಳಿಯ ಕೋಚ್‌ಗೆ ಗೊತ್ತಿತ್ತು, ಟಿಕೆಟ್ ಕೊಂಡು ಬಂದವರಿಗೂ ಗೊತ್ತಿತ್ತು. ಆದರೂ ತಡೆಯಲಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಹುಡುಕುತ್ತಾ ಹೋದರೆ ಆಟದ ಅರ್ಧ ಪಾಠ ಮುಗಿದ ಹಾಗೆ.

ನಿಯಮಗಳು ಹೆಚ್ಚಿಲ್ಲ. ಒಂದು ಸುತ್ತು ಐದು ನಿಮಿಷ, ನಡುವೆ ಒಂದು ನಿಮಿಷ ವಿರಾಮ. ಸಾಮಾನ್ಯ ಪಂದ್ಯಕ್ಕೆ ಮೂರು ಸುತ್ತು, ಪಟ್ಟದ ಪಂದ್ಯಕ್ಕೆ ಐದು. ಎದುರಾಳಿ ಪ್ರಜ್ಞೆ ತಪ್ಪಿದರೆ, ಕೈ ತಟ್ಟಿ ಸೋಲೊಪ್ಪಿಕೊಂಡರೆ ಅಥವಾ ಇನ್ನು ಸಾಕೆಂದು ರೆಫರಿ ನಡುವೆ ಬಂದರೆ ಪಂದ್ಯ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಮೂವರು ತೀರ್ಪುಗಾರರು ಸುತ್ತು ಸುತ್ತಿಗೂ ಕೊಟ್ಟ ಅಂಕಗಳ ಲೆಕ್ಕ. ಕಣ್ಣಿಗೆ ತಿವಿಯುವಂತಿಲ್ಲ, ಕಚ್ಚುವಂತಿಲ್ಲ, ತಲೆಯ ಹಿಂಭಾಗಕ್ಕೆ ಹೊಡೆಯುವಂತಿಲ್ಲ, ನೆಲದಲ್ಲಿರುವವನ ತಲೆಗೆ ಒದೆಯುವಂತಿಲ್ಲ. ಇಷ್ಟು ತಿಳಿದಿದ್ದರೆ ಶುರುಮಾಡಲು ಸಾಕು.

ಕುಸ್ತಿ ನೋಡಿ ಬೆಳೆದವರಿಗೆ ಇಲ್ಲೊಂದು ಅನುಕೂಲವೂ ಇದೆ, ಒಂದು ತೊಡಕೂ ಇದೆ. ಮೈಸೂರು ದಸರೆಯ ಅಖಾಡದಲ್ಲಿ ಪೈಲ್ವಾನನ ಬೆನ್ನು ಮಣ್ಣಿಗೆ ತಾಗಿತೆಂದರೆ ಚಿತ್, ಜೋಡಿ ಮುಗಿಯಿತು. ಇಲ್ಲಿ ಬೆನ್ನು ತಾಗಿದ ಮೇಲೆಯೇ ಪಂದ್ಯ ಶುರು. ಕೆಳಗಿದ್ದವನು ಮೇಲಿದ್ದವನ ಕುತ್ತಿಗೆ ಹಿಸುಕಿ ಗೆಲ್ಲಬಹುದು, ತೋಳು ತಿರುಚಿ ಗೆಲ್ಲಬಹುದು, ಉರುಳಿ ಮೇಲೆ ಬರಬಹುದು. ಪಟ್ಟು ಹಾಕುವ ಮೊದಲಿನ ಕೈಕೈ ಹಿಡಿತ, ಕಾಲಿಗೆ ನುಗ್ಗುವ ಹೊಂಚು ನಮಗೆ ಪರಿಚಿತ. ಬಿದ್ದ ಮೇಲಿನ ನಾಲ್ಕು ನಿಮಿಷವನ್ನು ಹೊಸದಾಗಿ ಕಲಿಯಬೇಕು.

ಖಬೀಬ್ ಹುಟ್ಟಿದ್ದು 1988ರಲ್ಲಿ, ಡಾಗೆಸ್ತಾನದ ಬೆಟ್ಟಗಳ ನಡುವಿನ ಸಿಲ್ದಿ ಎಂಬ ಹಳ್ಳಿಯಲ್ಲಿ. ತಂದೆ ಅಬ್ದುಲ್‌ಮನಾಪ್ ಮನೆಯ ಕೆಳಅಂತಸ್ತನ್ನೇ ಗರಡಿ ಮಾಡಿಕೊಂಡು ಊರ ಹುಡುಗರಿಗೆ ಕಲಿಸುತ್ತಿದ್ದವರು. ಬಾಲಕ ಖಬೀಬ್ ಕರಡಿ ಮರಿಯೊಂದಿಗೆ ಸೆಣಸುವ ಹಳೆಯ ವಿಡಿಯೊವನ್ನು ಜಗತ್ತೆಲ್ಲ ನೋಡಿದೆ. ಆಟ ಅರಿಯಲು ಹೆಚ್ಚು ನೆರವಾಗುವ ಸಂಗತಿ ಬೇರೆ: ಅವನು ಕುಸ್ತಿಯ ಜೊತೆಗೆ ಜೂಡೊ ಕಲಿತ, ಆಮೇಲೆ ಹೊಡೆತ, ಎಸೆತ, ಹಿಡಿತ ಮೂರೂ ಸೇರಿದ ಕಾಂಬ್ಯಾಟ್ ಸಾಂಬೊ ಕಲಿತು ಅದರಲ್ಲಿ ವಿಶ್ವ ಚಾಂಪಿಯನ್ ಆದ. ಹೊಡೆಯುತ್ತಲೇ ಹಿಡಿಯುವುದು, ಹಿಡಿದುಕೊಂಡೇ ಹೊಡೆಯುವುದು ಅವನಿಗೆ ಬೇರೆ ಬೇರೆ ವಿದ್ಯೆಗಳಾಗಿರಲೇ ಇಲ್ಲ. 2008ರಲ್ಲಿ ವೃತ್ತಿಗೆ ಇಳಿದು, 2012ರ ಜನವರಿಯಲ್ಲಿ ಈ ಆಟದ ಪಂದ್ಯಗಳನ್ನು ಏರ್ಪಡಿಸುವ ಅಮೆರಿಕದ ಯುಎಫ್‌ಸಿ ಸಂಸ್ಥೆಗೆ ಬಂದ.

ಮೊದಲು 2013ರ ಏಬಲ್ ಟ್ರುಹಿಯೊ ಪಂದ್ಯ ನೋಡಿ. ಹದಿನೈದು ನಿಮಿಷದಲ್ಲಿ ಖಬೀಬ್ ಅವನನ್ನು 21 ಸಲ ಕೆಡವಿದ. ಯುಎಫ್‌ಸಿಯಲ್ಲಿ ಅದು ದಾಖಲೆ. ಎಣಿಸುತ್ತಾ ಕೂರಬೇಡಿ. ಒಂದು ಪಟ್ಟು ತಪ್ಪಿದಾಗ ಅವನು ಏನು ಮಾಡುತ್ತಾನೆಂದು ನೋಡಿ. ಒಂದು ಕಾಲಿಗೆ ಕೈ ಹಾಕಿದ, ಎದುರಾಳಿ ಕಾಲು ಬಿಡಿಸಿಕೊಂಡ. ಬಿಡಿಸಿಕೊಳ್ಳುವ ಆ ಚಲನೆಯಲ್ಲೇ ಇನ್ನೊಂದು ಕಾಲಿನ ಮೇಲೆ ಭಾರ ಬಿತ್ತು. ಖಬೀಬನ ಕಾಲು ಆಗಲೇ ಅಲ್ಲಿ ಅಡ್ಡ ಬಂದಾಗಿದೆ. ಮೊದಲನೆಯ ಹಿಡಿತವನ್ನು ಅವನು ಎಷ್ಟೋ ಸಲ ಎರಡನೆಯದಕ್ಕೆ ದಾರಿ ಮಾಡಿಕೊಳ್ಳಲೆಂದೇ ಹಾಕುತ್ತಾನೆ. ಇದನ್ನು ಕಾಣಬೇಕಾದರೆ ಕಣ್ಣು ಮುಷ್ಟಿಯ ಮೇಲಿರಬಾರದು, ಸೊಂಟದ ಮೇಲಿರಬೇಕು. ಯಾರ ಸೊಂಟ ತಗ್ಗಿನಲ್ಲಿದೆ, ಯಾರದು ಒಳಗಿದೆ ಎಂಬುದು ಮುಂದಿನ ಎರಡು ಕ್ಷಣವನ್ನು ಮೊದಲೇ ಹೇಳಿಬಿಡುತ್ತದೆ.

ಅದಾದ ಮೇಲೆ ಒಂದು ವರ್ಷ ಹಿಂದಕ್ಕೆ ಹೋಗಿ, 2012ರ ಗ್ಲೇಸನ್ ಟಿಬಾವ್ ಪಂದ್ಯ ನೋಡಿ. ಖಬೀಬನ ಅಭಿಮಾನಿಗಳು ಇದನ್ನು ಹೆಚ್ಚು ನೆನೆಯುವುದಿಲ್ಲ. ಅಲ್ಲಿ ಅವನ ಒಂದು ಕೆಡವು ಪ್ರಯತ್ನವೂ ಫಲಿಸಲಿಲ್ಲ. ಟಿಬಾವ್ ಮೈಕಟ್ಟು ಭಾರಿ. ಸೊಂಟವನ್ನು ಹಿಂದಕ್ಕೆ ಎಳೆದುಕೊಂಡು, ಖಬೀಬನ ಕಂಕುಳಡಿ ತೋಳು ತೂರಿಸಿ ನಿಂತೇಬಿಟ್ಟ. ತೀರ್ಪುಗಾರರು ಖಬೀಬನಿಗೇ ಕೊಟ್ಟರು, ಆದರೆ ಗೆಲುವು ಟಿಬಾವ್‌ನದಾಗಿತ್ತು ಎನ್ನುವವರು ಇವತ್ತಿಗೂ ಇದ್ದಾರೆ. ರಸಿಕನಾಗಬೇಕಾದವನು ಇದನ್ನು ಬಿಡಬಾರದು. ತಡೆಯುವ ವಿದ್ಯೆ ಕಣ್ಣಿಗೆ ಹತ್ತಿದ ಮೇಲೆಯೇ ಕೆಡವುವ ವಿದ್ಯೆಯ ಬೆಲೆ ತಿಳಿಯುವುದು.

ಜಾಲರಿಯ ಬಗ್ಗೆ ಎರಡು ಮಾತು. ಎಂಟು ಮೂಲೆಯ ಆ ಅಂಗಳದ ಸುತ್ತಲಿನ ಜಾಲರಿ ಆಟಗಾರರು ಹೊರಗೆ ಬೀಳದಂತೆ ತಡೆಯಲು ಮಾತ್ರ ಇರುವುದಲ್ಲ. ಬೆನ್ನಿಗೆ ಜಾಲರಿ ಅಂಟಿದವನಿಗೆ ಸೊಂಟ ಹಿಂದೆಳೆಯಲು ಜಾಗವಿರುವುದಿಲ್ಲ. ಆದರೆ ಬಿದ್ದವನು ಅದೇ ಜಾಲರಿಗೆ ಬೆನ್ನು ಕೊಟ್ಟು ಮೇಲೇಳಲೂ ಬಹುದು. ಖಬೀಬ್ ಮೊದಲ ನಿಮಿಷದಿಂದಲೇ ಮುಂದೆ ನುಗ್ಗಿ ಎದುರಾಳಿಯನ್ನು ಜಾಲರಿಗೆ ದೂಡುತ್ತಿದ್ದುದು ಮೊದಲನೆಯದಕ್ಕಾಗಿ. ಎರಡನೆಯದು ನಡೆಯದಂತೆ ಅವನು ಮಾಡುತ್ತಿದ್ದ ಏರ್ಪಾಡೇ ಅವನ ಕಲೆಯ ತಿರುಳು ಎಂದು ನನಗನಿಸುತ್ತದೆ. ಅದನ್ನು 2016ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಮೈಕೆಲ್ ಜಾನ್ಸನ್ ಪಂದ್ಯದಲ್ಲಿ ನಿಧಾನವಾಗಿ ನೋಡಿ. ಮೊದಲಿಗೆ ಜಾನ್ಸನ್ ಗಟ್ಟಿ ಗುದ್ದುಗಳನ್ನೇ ಕೊಡುತ್ತಾನೆ. ಕೆಳಗೆ ಬಿದ್ದ ಮೇಲೆ ಖಬೀಬ್ ತನ್ನ ಕಾಲುಗಳಿಂದ ಅವನ ಎರಡೂ ಕಾಲುಗಳನ್ನು ಬಿಗಿಯುತ್ತಾನೆ. ಎದ್ದೇಳಲು ಜಾನ್ಸನ್ ಕೈ ಊರುತ್ತಾನೆ. ಖಬೀಬ್ ಬೆನ್ನ ಹಿಂದಿನಿಂದ ತೋಳು ಚಾಚಿ ಆ ಮಣಿಕಟ್ಟನ್ನೇ ಹಿಡಿದೆಳೆಯುತ್ತಾನೆ. ಇದಕ್ಕೆ ‘ಡಾಗೆಸ್ತಾನಿ ಹ್ಯಾಂಡ್‌ಕಫ್’ ಎಂಬ ಹೆಸರೇ ಬಿದ್ದಿದೆ. ಈಗ ಮುಖ ಕಾಯಲು ಉಳಿದದ್ದು ಒಂದೇ ಕೈ. ಆ ಕೈಯಿಂದ ಏಟು ತಡೆದರೆ ಏಳಲಾಗುವುದಿಲ್ಲ, ಏಳಲು ಹೋದರೆ ಏಟು ತಪ್ಪುವುದಿಲ್ಲ. ಹೊಡೆಯುತ್ತಲೇ ಖಬೀಬ್ ಅವನಿಗೆ ಸೋಲೊಪ್ಪಿಕೋ ಎಂದು ಹೇಳುವುದು ಮೈಕ್‌ನಲ್ಲಿ ಕೇಳಿಸುತ್ತದೆ. ಮೂರನೆಯ ಸುತ್ತಿನಲ್ಲಿ ಭುಜ ತಿರುಚುವ ಕಿಮುರಾ ಪಟ್ಟಿಗೆ ಜಾನ್ಸನ್ ಕೈ ತಟ್ಟಿದ.

ಆಡದ ಪಂದ್ಯಗಳೂ ಈ ವೃತ್ತಿಯ ಭಾಗ. ಮುಖ್ಯವಾಗಿ ಮಂಡಿಯ ಗಾಯದಿಂದಾಗಿ 2014ರ ಏಪ್ರಿಲ್‌ನಿಂದ 2016ರ ಏಪ್ರಿಲ್‌ವರೆಗೆ ಖಬೀಬ್ ಕಣಕ್ಕೇ ಇಳಿಯಲಿಲ್ಲ. ಅವನದು 155 ಪೌಂಡ್, ಅಂದರೆ 70 ಕಿಲೋ ಚಿಲ್ಲರೆಯ ವಿಭಾಗ. ತೂಕ ನೋಡುವ ದಿನಕ್ಕೆ ಅಲ್ಲಿಗಿಳಿಯಲು ಆಟಗಾರರು ಮೈಯ ನೀರನ್ನೇ ಬಸಿಯುತ್ತಾರೆ. 2017ರ ಮಾರ್ಚ್‌ನಲ್ಲಿ ಹಾಗೆ ಇಳಿಸುತ್ತಲೇ ಅವನು ಆಸ್ಪತ್ರೆ ಸೇರಿದ, ಟೋನಿ ಫರ್ಗ್ಯುಸನ್ ಜೊತೆಗಿನ ಪಂದ್ಯ ರದ್ದಾಯಿತು. ಆ ಜೋಡಿ ಐದು ಸಲ ನಿಗದಿಯಾಗಿ ಐದೂ ಸಲ ತಪ್ಪಿತು. ತೂಕದ ದಿನದ ದೃಶ್ಯಗಳನ್ನೂ ನೋಡಿ. ಕೆನ್ನೆ ಎಷ್ಟು ಒಳಗೆ ಹೋಗಿದೆ ಎಂಬುದು ಮರುದಿನದ ಮೂರನೆಯ ಸುತ್ತಿನ ಉಸಿರಿನ ಬಗ್ಗೆ ಹೇಳುತ್ತದೆ.

2018ರ ಏಪ್ರಿಲ್‌ನಲ್ಲಿ ಖಬೀಬನಿಗೆ ಯುಎಫ್‌ಸಿಯ ಆ ವಿಭಾಗದ ಪಟ್ಟ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಐರ್ಲೆಂಡಿನ ಕಾನರ್ ಮೆಕ್‌ಗ್ರೆಗರ್ ಎದುರಾದ. ಎಲ್ಲರೂ ನೋಡಿದ ಪಂದ್ಯ ಇದು, ಆದರೆ ಎರಡನೆಯ ಸುತ್ತನ್ನು ಸರಿಯಾಗಿ ನೋಡಿದವರು ಕಡಿಮೆ. ಅಲ್ಲಿ ಮೆಕ್‌ಗ್ರೆಗರ್‌ನಂಥ ಹೊಡೆತಗಾರನನ್ನು ಖಬೀಬ್ ಬಲಗೈಯ ಒಂದೇ ಗುದ್ದಿನಿಂದ ಕೆಡವುತ್ತಾನೆ. ಅವನು ಕಾಲಿಗೇ ನುಗ್ಗುತ್ತಾನೆಂದು ಎದುರಾಳಿಯ ಗಮನವೆಲ್ಲ ಕೆಳಗಿತ್ತು. ಏಟು ಮೇಲಿನಿಂದ ಬಂತು. ಮೂರನೆಯ ಸುತ್ತು ಮೆಕ್‌ಗ್ರೆಗರ್ ಪಾಲಾಯಿತು, ನಾಲ್ಕರಲ್ಲಿ ಕುತ್ತಿಗೆ ಹಿಸುಕಿ ಖಬೀಬ್ ಗೆದ್ದ. ಆಮೇಲೆ ಜಾಲರಿ ಹಾರಿ ಎದುರಾಳಿಯ ಕಡೆಯವನ ಮೇಲೆ ಎರಗಿದ. ಪಂದ್ಯಕ್ಕೆ ಮೊದಲು ಮೆಕ್‌ಗ್ರೆಗರ್ ಖಬೀಬನ ತಂದೆಯನ್ನೂ ಧರ್ಮವನ್ನೂ ಹೀಯಾಳಿಸಿದ್ದು ನಿಜ. ಆದರೂ ಹಾಗೆ ಎರಗಿದ್ದು ತಪ್ಪೇ. ಒಂಬತ್ತು ತಿಂಗಳ ನಿಷೇಧ, ಐದು ಲಕ್ಷ ಡಾಲರ್ ದಂಡ ಬಿತ್ತು. ಆ ಗಲಾಟೆಯ ತುಣುಕುಗಳಲ್ಲಿ ಮುಳುಗಿ ಆಟವನ್ನು ಮರೆಯಬೇಡಿ.

ಕೊನೆಯ ಪಂದ್ಯ 2020ರ ಅಕ್ಟೋಬರ್ 24, ಅಬುಧಾಬಿ. ಜುಲೈನಲ್ಲಿ ತಂದೆ ಕೋವಿಡ್ ನಂತರದ ತೊಂದರೆಗಳಿಂದ ತೀರಿಕೊಂಡಿದ್ದರು. ಎದುರಿಗಿದ್ದ ಜಸ್ಟಿನ್ ಗೇಚಿ ಸ್ವತಃ ಕಾಲೇಜಿನಲ್ಲಿ ಹೆಸರಾದ ಕುಸ್ತಿಪಟು, ಕಾಲಿಗೆ ಒದೆಯುವುದರಲ್ಲಿ ನಿಸ್ಸೀಮ. ಎರಡನೆಯ ಸುತ್ತಿನಲ್ಲಿ ಖಬೀಬ್ ಎದೆಯ ಮೇಲೆ ಕೂತ. ತೋಳು ತಿರುಚುವ ದಾರಿಯೂ ತೆರೆದಿತ್ತು. ಬದಲಿಗೆ ಕಾಲುಗಳನ್ನು ಕುತ್ತಿಗೆಗೆ ಸುತ್ತಿ ಟ್ರಯಾಂಗಲ್ ಹಾಕಿದ. ಗೇಚಿ ತೋಳು ಮುರಿದರೂ ಸೋಲೊಪ್ಪುವವನಲ್ಲ, ಅವನ ಅಪ್ಪ ಅಮ್ಮನ ಕಣ್ಣೆದುರು ಅದನ್ನು ಮಾಡಲು ಖಬೀಬನಿಗೆ ಮನಸ್ಸಿರಲಿಲ್ಲ ಎಂದು ಜೊತೆಯಲ್ಲಿ ಅಭ್ಯಾಸ ಮಾಡುತ್ತಿದ್ದ ಡೇನಿಯಲ್ ಕಾರ್ಮಿಯೆ ಆಮೇಲೆ ಹೇಳಿದ. ಗೇಚಿ ತಟ್ಟಿದ್ದು ರೆಫರಿಗೆ ತಕ್ಷಣ ಕಾಣದೆ ಅವನು ಪ್ರಜ್ಞೆ ತಪ್ಪಿದ. ಅಂಗಳದ ನಡುವೆ ಕುಸಿದು ಅತ್ತ ಖಬೀಬ್, ತಂದೆಯಿಲ್ಲದೆ ಇನ್ನು ಆಡುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ ಎಂದು ಹೇಳಿ ಗ್ಲೌಸ್ ಕಳಚಿಟ್ಟ. ಆಗ ಅವನಿಗೆ 32.

ಇಷ್ಟೂ ನೋಡಿದ ಮೇಲೆ ಇಸ್ಲಾಂ ಮಖಾಚೆವ್‌ನನ್ನು ನೋಡಿ. ಅವನೂ ಅಬ್ದುಲ್‌ಮನಾಪ್ ಅವರ ಶಿಷ್ಯ, 2022ರ ಅಕ್ಟೋಬರ್‌ನಲ್ಲಿ ಚಾರ್ಲ್ಸ್ ಒಲಿವೆರಾನನ್ನು ಸೋಲಿಸಿ ಅದೇ ಪಟ್ಟ ಗೆದ್ದವನು. ಗುರು ಒಬ್ಬರೇ, ಪಾಠ ಒಂದೇ. ಆದರೆ ಖಬೀಬ್ ಕಾಲಿಗೆ ನುಗ್ಗುತ್ತಿದ್ದ ಎಷ್ಟೋ ಕಡೆ ಇವನು ಎದೆಗೆ ಎದೆ ತಾಗಿಸಿ ನಿಂತು, ಕಾಲು ಅಡ್ಡ ಕೊಟ್ಟು ಬೀಳಿಸುತ್ತಾನೆ. ಆ ವ್ಯತ್ಯಾಸವನ್ನು ಯಾರೂ ತೋರಿಸದೆ ನೀವೇ ಗುರುತಿಸಿದ ದಿನ, ಪಕ್ಕದಲ್ಲಿ ಹೊಸಬರನ್ನು ಕೂರಿಸಿಕೊಂಡು ಟ್ರುಹಿಯೊ ಪಂದ್ಯ ಹಾಕಿ.