ಮುರಕಲ್ಲಿನ ಮೇಲೆ ನಾಲ್ಕು ಮೊಟ್ಟೆ

ಏಪ್ರಿಲ್ ತಿಂಗಳಲ್ಲಿ ಬೆಳಗ್ಗೆ ಒಂಬತ್ತಕ್ಕೇ ಕೊಣಾಜೆ ಆಚೆಗಿನ ಪದವು, ಅಂದರೆ ಮುರಕಲ್ಲಿನ ಸಪಾಟು ಗುಡ್ಡೆ, ಕಾದ ಕಾವಲಿಯಂತಾಗಿರುತ್ತದೆ. ದನ ಕಟ್ಟಲು ಬಂದಿದ್ದ ಪಕ್ಕದ ತೋಟದವರು ನನ್ನ ಬೈನಾಕ್ಯುಲರ್ ನೋಡಿ ಕೇಳಿದರು, “ಇಲ್ಲಿ ಎಂತ ನೋಡ್ಲಿಕ್ಕುಂಟು ಮಾರಾಯ್ರೆ? ಬರೀ ಬೋಳು ಗುಡ್ಡೆ.”

“ಕಾಲಿಡುವಾಗ ಸ್ವಲ್ಪ ಜಾಗ್ರತೆ” ಎಂದು ಕೈ ತೋರಿಸಿದೆ. ಮುರಕಲ್ಲಿನ ಹರಳುಗಳ ನಡುವೆ ನಾಲ್ಕು ಮೊಟ್ಟೆಗಳಿದ್ದವು. ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಮಚ್ಚೆ. ಗೂಡೆಂದು ಕರೆಯಲು ಒಂದು ಕಡ್ಡಿಯೂ ಇರಲಿಲ್ಲ. ತಲೆಯ ಮೇಲೆ ಹಳದಿ ಟಿಟ್ಟಿಭ ಕೂಗುತ್ತಾ ಸುತ್ತುತ್ತಿತ್ತು. ಇಬ್ಬರೂ ದೂರ ಸರಿದು ಕೂತೆವು. ಸ್ವಲ್ಪ ಹೊತ್ತಿನಲ್ಲಿ ಅದು ಓಡಿ, ನಿಂತು, ಮತ್ತೆ ಓಡಿ ಮೊಟ್ಟೆಗಳ ಬಳಿ ಬಂತು. ಹೊಟ್ಟೆಯ ಗರಿಗಳು ಒದ್ದೆಯಾಗಿದ್ದವು. ಎಲ್ಲೋ ಉಳಿದ ನೀರಿನಲ್ಲಿ ಹೊಟ್ಟೆ ನೆನೆಸಿಕೊಂಡು ಬಂದು, ಸುಡುವ ನೆಲದ ಮೇಲಿನ ಮೊಟ್ಟೆಗಳನ್ನು ತಂಪು ಮಾಡುವ ಹಕ್ಕಿ ಇದು. ತೋಟದವರು ಮಾತಾಡಲಿಲ್ಲ. ಎದ್ದು ಹೋಗಿ ದನದ ಗೂಟ ಕಿತ್ತು ಆಚೆ ಬದಿಗೆ ಹೊಡೆದರು.

ಈ ಪದವು ಬೇಸಾಯಕ್ಕೆ ಹೊರಗಿನ ನೆಲವಲ್ಲ. ನಮ್ಮ ಹಿರಿಯರ ಸಾಗುವಳಿಯಲ್ಲಿ ಬೈಲು, ಮಜಲು, ಬೆಟ್ಟು ಗದ್ದೆಗಳ ಬೆನ್ನಿಗೆ ಗುಡ್ಡೆ ಇರಲೇಬೇಕಿತ್ತು. ಮಾಡಿಗೆ ಮುಳಿಹುಲ್ಲು, ಹಟ್ಟಿಗೆ ಸೊಪ್ಪು, ದನಗಳಿಗೆ ಮೇವು ಎಲ್ಲ ಬರುತ್ತಿದ್ದದ್ದು ಅಲ್ಲಿಂದಲೇ. ಮುಳಿ ಕೊಯ್ದು, ದನ ಮೇಯಿಸಿ ಹುಲ್ಲು ಗಿಡ್ಡವಾಗಿ ಉಳಿದದ್ದರಿಂದಲೇ ಟಿಟ್ಟಿಭಕ್ಕೆ ನಾಲ್ಕೂ ದಿಕ್ಕು ಕಾಣುವ ಜಾಗ ದಕ್ಕಿತು. ಕೆಳಗೆ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಬೆಳೆ ಮುಗಿಯದಿದ್ದ ಕಾಲದಲ್ಲಿ ನೇಗಿಲಿನ ಹಿಂದೆ ಬೆಳ್ಳಕ್ಕಿಗಳ ಸಾಲೂ ಮುಗಿಯುತ್ತಿರಲಿಲ್ಲ.

ಬೇಸಾಯವೂ ಹಕ್ಕಿಯೂ ಕೂಡಿ ಬಾಳಬಹುದೆಂಬುದಕ್ಕೆ ಉತ್ತರ ಕನ್ನಡದಲ್ಲಿ ಗಟ್ಟಿ ಲೆಕ್ಕವೇ ಇದೆ. ಜೈ ರಂಗನಾಥನ್, ರಂಜಿತ್ ಡ್ಯಾನಿಯಲ್ಸ್, ಸುಭಾಷ್ ಚಂದ್ರನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಕಾಡಿಗೆ ಸೇರಿದ ಹಕ್ಕಿ ಪ್ರಭೇದಗಳಲ್ಲಿ ಸುಮಾರು ಶೇ. 90ರಷ್ಟು ಅಡಿಕೆ ಬೇಸಾಯದ ನೆಲದಲ್ಲೂ ಸಿಗುತ್ತವೆ. ಅಡಿಕೆ ಮರವೊಂದೇ ಇದನ್ನು ಸಾಧಿಸಿದ್ದಲ್ಲ. ತೋಟಕ್ಕೆ ಸೊಪ್ಪು ಬೇಕೆಂದು ಪಕ್ಕದ ಬೆಟ್ಟದಲ್ಲಿ ಮರ ಉಳಿಸಿಕೊಂಡರಲ್ಲ, ಆ ಸೊಪ್ಪಿನ ಬೆಟ್ಟದ ಪಾಲು ಇದರಲ್ಲಿ ದೊಡ್ಡದು. ತೋಟದ ಹಕ್ಕಿಗಳನ್ನು ಎಣಿಸುವವರು ಬೆಟ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮಲ್ಲಿ ಕಡಿದುಹೋಗುತ್ತಿರುವುದು ಈ ನಂಟೇ. ಬೈಲಿಗೆ ಮಣ್ಣು ತುಂಬಿ ಅಡಿಕೆ ಇಡುತ್ತೇವೆ. ಹುಂಡುಕೋಳಿಗೆ ಕೆಸರಿಲ್ಲ, ಬೆಳ್ಳಕ್ಕಿಗೆ ಗದ್ದೆಯಿಲ್ಲ. ಪದವಿಗೆ ಜೆಸಿಬಿ ಹತ್ತಿಸಿ, ಬೋರ್‌ವೆಲ್ ಕೊರೆದು ಅಲ್ಲೂ ಅಡಿಕೆ ಇಡುತ್ತೇವೆ, ಇಲ್ಲವೇ ರಬ್ಬರ್, ಅಕೇಶಿಯ ಬೆಳೆಸುತ್ತೇವೆ. ನೋಡಲು ಹಸಿರು ಹೆಚ್ಚಾಯಿತು, ನಿಜ. ಆದರೆ ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗೆ ಮರವೆಂದರೆ ಕಾಗೆ ಕೂತು ಹೊಂಚುವ ಕೊಂಬೆ. ಬಯಲುಸೀಮೆ ಈ ಪಾಠವನ್ನು ಮೊದಲೇ ಕಲಿಸಿದೆ. 1974ರಲ್ಲಿ ಕೃಷ್ಣಮೃಗಗಳ ಅಭಯಾರಣ್ಯವಾದ ರಾಣೆಬೆನ್ನೂರಿನ ಹುಲ್ಲುಗಾವಲಿನ ಬಹುಭಾಗದಲ್ಲಿ ನೀಲಗಿರಿ ನೆಟ್ಟರು. ಒಂದು ಕಾಲಕ್ಕೆ ಅಲ್ಲಿ ನಡೆದಾಡುತ್ತಿದ್ದ ಗ್ರೇಟ್ ಇಂಡಿಯನ್ ಬಸ್ಟರ್ಡ್ ಈಗ ಅಲ್ಲಿಲ್ಲ.

ಕೃಷಿಕರು ತೋಟ ಮಾಡಬಾರದೆಂದು ನಾನು ಹೇಳಲಾರೆ. ಹೊಟ್ಟೆಪಾಡು ಎಲ್ಲರಿಗೂ ಇದೆ. ಪದವನ್ನು ‘ಬಂಜರು’ ಎಂದು ಕರೆಯುವುದನ್ನಾದರೂ ಬಿಡೋಣ. ಪೂರ್ತಿ ಅಗೆಯದೆ ಒಂದು ತುಂಡನ್ನು ಮುಳಿಗೂ ದನಕ್ಕೂ ಬಿಡೋಣ. ಟಿಟ್ಟಿಭ ಮೊಟ್ಟೆಯಿಡುವುದು ಹೆಚ್ಚಾಗಿ ಮಾರ್ಚ್‌ನಿಂದ ಮೇ ತನಕ, ನಮ್ಮ ಜೆಸಿಬಿಗಳಿಗೆ ಕೈತುಂಬ ಕೆಲಸವಿರುವ ಅದೇ ತಿಂಗಳುಗಳಲ್ಲಿ. ಯಂತ್ರ ತರಿಸುವ ಮುಂಚೆ ಒಂದು ಬೆಳಗ್ಗೆ ಪದವಿನಲ್ಲಿ ಮೆಲ್ಲಗೆ ನಡೆದು ಬನ್ನಿ. ತಲೆಯ ಮೇಲೆ ಹಕ್ಕಿ ಕೂಗಿ ಸುತ್ತಿದರೆ ಆ ಜಾಗಕ್ಕೆ ನಾಲ್ಕು ವಾರ ಬಿಡುವು ಕೊಡಿ. ಮರಿಗಳು ಮೊಟ್ಟೆಯೊಡೆದ ದಿನವೇ ನಡೆಯಲು ಕಲಿಯುತ್ತವೆ. ಅವು ಕೇಳುವುದು ಅಷ್ಟೇ ಸಮಯ.